ಕೋಷ್ಟಕದಿಂದ ಮಾತೃಕೆಗೆ: ಮ್ಯಾಕ್ರೊಗಳ ಮೂಲಕ ದತ್ತಾಂಶ ವಿನಿಮಯದ ಚರಿತ್ರೆ

ಗಣಕಯಂತ್ರದ ಚರಿತ್ರೆಯನ್ನು ಕುರಿತ ಬರಹಗಳಲ್ಲಿ ಯಂತ್ರಗಳ ವೇಗ, ಸ್ಮೃತಿಯ ಗಾತ್ರ, ತಯಾರಿಕಾ ಸಂಸ್ಥೆಗಳ ಏಳುಬೀಳುಗಳಿಗೆ ದೊರೆತ ಪ್ರಾಧಾನ್ಯ, ಒಂದು ತಂತ್ರಾಂಶದಲ್ಲಿ ದಾಖಲಾದ ಅಂಕಿಯು ಮತ್ತೊಂದು ತಂತ್ರಾಂಶಕ್ಕೆ ಹೇಗೆ ಸಾಗುತ್ತದೆ ಎಂಬ ಪ್ರಶ್ನೆಗೆ ದೊರೆತಿಲ್ಲ. ಪ್ರಯೋಗಾಲಯದ ಅಳತೆ, ಬ್ಯಾಂಕಿನ ಲೆಕ್ಕ, ಆರೋಗ್ಯ ಇಲಾಖೆಯ ರೋಗಿಗಳ ಪಟ್ಟಿ ಇವೆಲ್ಲ ಬಹುಪಾಲು ಮೊದಲು ಸೇರುವುದು ಸ್ಪ್ರೆಡ್‌ಶೀಟ್ ಎಂಬ ವಿದ್ಯುನ್ಮಾನ ಲೆಕ್ಕದ ಹಾಳೆಯನ್ನು. ಅವುಗಳ ಗಂಭೀರ ವಿಶ್ಲೇಷಣೆ ನಡೆಯುವುದು ಅನೇಕ ವೇಳೆ ಮ್ಯಾಟ್‌ಲ್ಯಾಬ್, ಸೈಲ್ಯಾಬ್, ಆಕ್ಟೇವ್, ಆರ್ ಮೊದಲಾದ ಸಂಖ್ಯಾತ್ಮಕ ಗಣನೆಯ ತಂತ್ರಾಂಶಗಳಲ್ಲಿ. ಇವೆರಡರ ನಡುವಣ ಸಾಗಾಟವನ್ನು ದೀರ್ಘಕಾಲ ನಿರ್ವಹಿಸಿದ್ದು ಮ್ಯಾಕ್ರೊ, ಅಂದರೆ ಹಾಳೆಯ ಬಳಕೆದಾರನೇ ಬರೆದಿಟ್ಟ ಆಜ್ಞೆಗಳ ಒಂದು ಸಣ್ಣ ಸರಣಿ.

ಈ ಸಾಗಾಟದ ವಿಧಾನಗಳು 1980ರ ದಶಕದಿಂದ ಇಂದಿನವರೆಗೆ ಹಲವು ಬಾರಿ ಬದಲಾಗಿವೆ. ಪ್ರತಿ ಬದಲಾವಣೆಯಲ್ಲಿಯೂ ಅಂಕಿಯನ್ನು ಒಯ್ಯುವುದು ಸುಲಭವಾಯಿತು. ಆದರೆ ಅಂಕಿಯ ಅರ್ಥವನ್ನು ಒಯ್ಯುವ ಹೊಣೆ ಮಾತ್ರ ಮ್ಯಾಕ್ರೊ ಬರೆದವನ ಮೇಲೆಯೇ ಉಳಿಯಿತು. ಆ ಹೊಣೆಯ ಸ್ವರೂಪವನ್ನು ಗುರುತಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಎರಡು ತರಗತಿಗಳು, ಎರಡು ಪರಂಪರೆಗಳು

ಸ್ಪ್ರೆಡ್‌ಶೀಟ್ ಮತ್ತು ಮ್ಯಾಟ್‌ಲ್ಯಾಬ್ ಎರಡೂ 1970ರ ದಶಕದ ಕೊನೆಯಲ್ಲಿ ಅಮೆರಿಕದ ಎರಡು ವಿಶ್ವವಿದ್ಯಾಲಯಗಳ ಬೋಧನಾ ಪರಿಸರದಲ್ಲಿ ರೂಪುಗೊಂಡವು ಎಂಬುದು ಗಮನಾರ್ಹ. ಹಾರ್ವರ್ಡ್ ವಾಣಿಜ್ಯ ಶಾಲೆಯಲ್ಲಿ ವಿದ್ಯಾರ್ಥಿಯಾಗಿದ್ದ ಡ್ಯಾನ್ ಬ್ರಿಕ್ಲಿನ್, ಕಪ್ಪುಹಲಗೆಯ ಮೇಲಿನ ಕೋಷ್ಟಕದಲ್ಲಿ ಒಂದು ಅಂಕಿ ಬದಲಾದರೆ ಅದನ್ನು ಅವಲಂಬಿಸಿದ ಉಳಿದೆಲ್ಲವನ್ನೂ ಅಳಿಸಿ ಬರೆಯಬೇಕಾದ ಕಷ್ಟಕ್ಕೆ 1978ರಲ್ಲಿ ಪರಿಹಾರವನ್ನು ಯೋಚಿಸಿದನು. ಬಾಬ್ ಫ್ರಾಂಕ್‌ಸ್ಟನ್‌ನ ಜೊತೆಗೂಡಿ ಅವನು ರೂಪಿಸಿದ ವಿಸಿಕ್ಯಾಲ್ಕ್ 1979ರಲ್ಲಿ ಆಪಲ್-2 ಗಣಕಕ್ಕಾಗಿ ಹೊರಬಂದಿತು. ಅದರಲ್ಲಿ ಅಡ್ಡಸಾಲು ಮತ್ತು ಕಂಬಸಾಲು ಸಂಧಿಸುವ ಪ್ರತಿಯೊಂದು ಕೋಶವೂ ಒಂದು ಅಂಕಿಯನ್ನಾಗಲಿ, ಹೆಸರನ್ನಾಗಲಿ, ಬೇರೆ ಕೋಶಗಳನ್ನು ಅವಲಂಬಿಸಿದ ಸೂತ್ರವನ್ನಾಗಲಿ ಹೊಂದಿರಬಹುದಾಗಿತ್ತು.

ಅದೇ ವರ್ಷಗಳಲ್ಲಿ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದ ಗಣಿತ ಪ್ರಾಧ್ಯಾಪಕ ಕ್ಲೀವ್ ಮೋಲರ್, ರೇಖಾತ್ಮಕ ಸಮೀಕರಣಗಳನ್ನು ಬಿಡಿಸುವ ಲಿನ್‌ಪ್ಯಾಕ್ ಮತ್ತು ಐಗನ್ ಮೌಲ್ಯಗಳನ್ನು ಕಂಡುಹಿಡಿಯುವ ಐಸ್‌ಪ್ಯಾಕ್ ಎಂಬ ಕ್ರಮವಿಧಿ ಸಂಗ್ರಹಗಳ ರಚನೆಯಲ್ಲಿ ಪಾಲ್ಗೊಂಡಿದ್ದನು. ವಿದ್ಯಾರ್ಥಿಗಳು ಫೋರ್ಟ್ರಾನ್ ಭಾಷೆಯಲ್ಲಿ ಕ್ರಮವಿಧಿ ಬರೆಯದೆಯೇ ಅವುಗಳನ್ನು ಬಳಸುವಂತಾಗಲೆಂದು ಅವನು ರಚಿಸಿದ ಸಾಧನವೇ ಮ್ಯಾಟ್‌ಲ್ಯಾಬ್. ಅದರ 1981ರ ಕೈಪಿಡಿಯಲ್ಲಿದ್ದದ್ದು ಒಟ್ಟು 71 ಪದಗಳು. ಅದಕ್ಕೆ ತಿಳಿದಿದ್ದ ದತ್ತಾಂಶದ ಬಗೆ ಒಂದೇ, ಮಾತೃಕೆ. ಜ್ಯಾಕ್ ಲಿಟ್ಲ್ ಮತ್ತು ಸ್ಟೀವ್ ಬ್ಯಾಂಗರ್ಟ್ ಅದನ್ನು ಸಿ ಭಾಷೆಯಲ್ಲಿ ಮತ್ತೆ ಬರೆದರು. 1984ರಲ್ಲಿ ಮ್ಯಾಥ್‌ವರ್ಕ್ಸ್ ಸಂಸ್ಥೆ ಸ್ಥಾಪನೆಯಾಯಿತು.

ಹೊರನೋಟಕ್ಕೆ ಕೋಷ್ಟಕವೂ ಮಾತೃಕೆಯೂ ಒಂದೇ. ಎರಡೂ ಅಡ್ಡಸಾಲು ಕಂಬಸಾಲುಗಳಲ್ಲಿ ಜೋಡಿಸಿದ ಅಂಕಿಗಳು. ಆದರೆ ಇವುಗಳ ಒಳಗಿನ ಕಟ್ಟು ಬೇರೆ. ಕೋಷ್ಟಕದ ಕೋಶ ಖಾಲಿ ಇರಬಹುದು, ದಿನಾಂಕವಾಗಿರಬಹುದು, ಟಿಪ್ಪಣಿಯಾಗಿರಬಹುದು. ಮಾತೃಕೆಯ ಪ್ರತಿ ಸ್ಥಾನದಲ್ಲಿಯೂ ಸಂಖ್ಯೆ ಇರಲೇಬೇಕು. ಕೋಷ್ಟಕಕ್ಕೆ ಆಜ್ಞೆಗಳ ಅನುಕ್ರಮವಿಲ್ಲ. ಯಾವ ಕೋಶ ಯಾವುದನ್ನು ಅವಲಂಬಿಸಿದೆ ಎಂಬುದರ ಮೇಲೆ ಅದು ತಾನೇ ಮರುಲೆಕ್ಕ ಹಾಕಿಕೊಳ್ಳುತ್ತದೆ. ಮ್ಯಾಟ್‌ಲ್ಯಾಬಿನಲ್ಲಿ ಆಜ್ಞೆಗಳು ಒಂದಾದ ಮೇಲೊಂದು ನಡೆಯುತ್ತವೆ, ಹಿಂದಿನ ಆಜ್ಞೆಯ ಫಲ ಕಾರ್ಯಕ್ಷೇತ್ರದಲ್ಲಿ ಉಳಿದಿರುತ್ತದೆ. ಮುಂದೆ ವಿನಿಮಯದಲ್ಲಿ ತಲೆದೋರಿದ ತೊಡಕುಗಳಲ್ಲಿ ಬಹುಪಾಲಿನ ಮೂಲ ಈ ಭೇದದಲ್ಲಿಯೇ ಇದೆ.

ಕಡತದ ಕಾಲ ಮತ್ತು ಮ್ಯಾಕ್ರೊವಿನ ಜನನ

ವಿನಿಮಯದ ಮೊದಲ ಘಟ್ಟ ಕಡತಗಳದು. ವಿಸಿಕ್ಯಾಲ್ಕ್ ರೂಪಿಸಿದ ಸಾಫ್ಟ್‌ವೇರ್ ಆರ್ಟ್ಸ್ ಸಂಸ್ಥೆಯೇ 1980ರ ದಶಕದ ಆರಂಭದಲ್ಲಿ ಡಿಐಎಫ್ ಎಂಬ ವಿನಿಮಯ ಕಡತದ ಮಾದರಿಯನ್ನು ಮುಂದಿಟ್ಟಿತು. ಆ ಕಡತದಲ್ಲಿ ಕೋಶಗಳ ಬೆಲೆಗಳು ಸಾಗುತ್ತಿದ್ದವು, ಸೂತ್ರಗಳು ಸಾಗುತ್ತಿರಲಿಲ್ಲ. ಅಲ್ಪವಿರಾಮದಿಂದ ಬೇರ್ಪಡಿಸಿದ ಸಿಎಸ್‌ವಿ ಕಡತಗಳು ಇದಕ್ಕಿಂತ ಹೆಚ್ಚು ವ್ಯಾಪಕವಾದವು. ದಶಕಗಳ ಕಾಲ ರೂಢಿಯಿಂದಲೇ ನಡೆದುಬಂದ ಈ ಮಾದರಿಯ ಲಿಖಿತ ವಿವರಣೆ ಆರ್‌ಎಫ್‌ಸಿ 4180 ಎಂಬ ಹೆಸರಿನಲ್ಲಿ ಪ್ರಕಟವಾದದ್ದು 2005ರಲ್ಲಿ.

ಮಿಚ್ ಕೇಪರ್ ಮತ್ತು ಜೊನಾಥನ್ ಸ್ಯಾಕ್ಸ್ ರೂಪಿಸಿ 1983ರ ಜನವರಿಯಲ್ಲಿ ಮಾರುಕಟ್ಟೆಗೆ ತಂದ ಲೋಟಸ್ 1-2-3 ತಂತ್ರಾಂಶವು ಮ್ಯಾಕ್ರೊವನ್ನು ಜನಪ್ರಿಯಗೊಳಿಸಿತು. ಬಳಕೆದಾರನು ಕೀಲಿಮಣೆಯಲ್ಲಿ ಒತ್ತಬೇಕಾದ ಕೀಲಿಗಳ ಸರಣಿಯನ್ನು ಹಾಳೆಯದೇ ಕೆಲವು ಕೋಶಗಳಲ್ಲಿ ಅಕ್ಷರಗಳಾಗಿ ಬರೆದಿಟ್ಟು, ಆ ಭಾಗಕ್ಕೊಂದು ಹೆಸರು ಕೊಟ್ಟರೆ, ಎರಡು ಕೀಲಿಗಳ ಒತ್ತುವಿಕೆಯಿಂದ ಅಷ್ಟೂ ಕೆಲಸ ನಡೆಯುತ್ತಿತ್ತು. 1985ರ ಎರಡನೆಯ ಆವೃತ್ತಿಯಲ್ಲಿ ಕಡತವನ್ನು ತೆರೆದು ಸಾಲುಸಾಲಾಗಿ ಓದುವ, ಬರೆಯುವ ಮ್ಯಾಕ್ರೊ ಆಜ್ಞೆಗಳು ಸೇರಿದವು. ಇದರಿಂದ, ದಿನದ ಅಳತೆಗಳನ್ನು ಕಡತವಾಗಿ ಹೊರಹಾಕುವುದು, ಬೇರೊಂದು ತಂತ್ರಾಂಶದಲ್ಲಿ ಲೆಕ್ಕ ಮುಗಿದ ಬಳಿಕ ಫಲಿತಾಂಶವನ್ನು ಮರಳಿ ಹಾಳೆಗೆ ತರುವುದು ಗುಮಾಸ್ತ ಅಥವಾ ಇಂಜಿನಿಯರನ ಕೈಗೆಟುಕುವ ಕೆಲಸವಾಯಿತು.

ಮೈಕ್ರೋಸಾಫ್ಟಿನ ಎಕ್ಸೆಲ್ 1985ರಲ್ಲಿ ಮ್ಯಾಕಿಂಟಾಷ್ ಗಣಕಕ್ಕೂ 1987ರಲ್ಲಿ ವಿಂಡೋಸ್‌ಗೂ ಬಂದಿತು. ಅದರಲ್ಲಿ ಮ್ಯಾಕ್ರೊಗಳಿಗೆಂದೇ ಪ್ರತ್ಯೇಕ ಹಾಳೆಯಿತ್ತು. 1993ರ ಐದನೆಯ ಆವೃತ್ತಿಯೊಡನೆ ವಿಬಿಎ ಎಂಬ ಪೂರ್ಣ ಪ್ರಮಾಣದ ಭಾಷೆ ಸೇರಿಕೊಂಡಿತು. ಮ್ಯಾಕ್ರೊ ಇಲ್ಲಿಂದ ಮುಂದೆ ಕೀಲಿಗಳ ಅನುಕರಣೆಯಾಗಿ ಉಳಿಯದೆ ಕ್ರಮವಿಧಿಯೇ ಆಯಿತು. ಅದನ್ನು ಬರೆಯುತ್ತಿದ್ದವರಲ್ಲಿ ಹೆಚ್ಚಿನವರು ವೃತ್ತಿಯಿಂದ ಕ್ರಮವಿಧಿಕಾರರಾಗಿರಲಿಲ್ಲ ಎಂಬ ಸಂಗತಿಯನ್ನು ಈ ಚರಿತ್ರೆಯಲ್ಲಿ ಮರೆಯುವಂತಿಲ್ಲ.

ವಿನಿಮಯದ ಅಗತ್ಯ

ಲೆಕ್ಕ ಮಾಡಬಲ್ಲ ಹಾಳೆಯಿರುವಾಗ ಅಂಕಿಗಳನ್ನು ಹೊರಗೆ ಕಳುಹಿಸುವುದೇಕೆ ಎಂಬ ಪ್ರಶ್ನೆ ಸಹಜ. ಇದಕ್ಕೆ ಎರಡು ಕಾರಣಗಳನ್ನು ಗುರುತಿಸಬಹುದು. ಮೊದಲನೆಯದು ಗಾತ್ರ. ಎಕ್ಸೆಲ್ 2003ರವರೆಗಿನ ಆವೃತ್ತಿಗಳಲ್ಲಿ ಮಾತೃಕೆಯ ವಿಲೋಮವನ್ನು ಕಂಡುಹಿಡಿಯುವ ಸೂತ್ರವು 52 ಅಡ್ಡಸಾಲು, 52 ಕಂಬಸಾಲುಗಳ ಮಿತಿಯೊಳಗೆ ಮಾತ್ರ ಕೆಲಸ ಮಾಡುತ್ತಿತ್ತು. ಸೇತುವೆಯ ವಿನ್ಯಾಸಕ್ಕಾಗಲಿ, ವಿದ್ಯುತ್ ಜಾಲದ ವಿಶ್ಲೇಷಣೆಗಾಗಲಿ ಇದು ಸಾಲದು.

ಎರಡನೆಯದು ನಿಖರತೆ. ಮೆಕಲಾ ಮತ್ತು ವಿಲ್ಸನ್ ಎಂಬ ವಿದ್ವಾಂಸರು 1999ರಲ್ಲಿ ಪ್ರಕಟಿಸಿದ ಅಧ್ಯಯನವು ಎಕ್ಸೆಲ್ 97ರ ಸಂಖ್ಯಾಶಾಸ್ತ್ರೀಯ ಲೆಕ್ಕಗಳನ್ನು ಪರೀಕ್ಷಿಸಿ, ಅಂದಾಜು, ಯಾದೃಚ್ಛಿಕ ಸಂಖ್ಯೆಗಳ ಉತ್ಪಾದನೆ, ಸಂಭವನೀಯತಾ ವಿತರಣೆ ಈ ಮೂರರಲ್ಲಿಯೂ ಕೊರತೆಗಳನ್ನು ತೋರಿಸಿತು. ಮಾನಕ ವಿಚಲನೆಯ ಲೆಕ್ಕ ಇದಕ್ಕೆ ಉತ್ತಮ ನಿದರ್ಶನ. 10,00,00,001, 10,00,00,002, 10,00,00,003 ಎಂಬ ಮೂರು ಸಂಖ್ಯೆಗಳ ಮಾದರಿಯ ಮಾನಕ ವಿಚಲನೆ ಸರಿಯಾಗಿ 1. ವರ್ಗಗಳ ಮೊತ್ತದಿಂದ ಮೊತ್ತದ ವರ್ಗವನ್ನು ಕಳೆಯುವ ಹಳೆಯ ಪಾಠಪುಸ್ತಕದ ಸೂತ್ರವನ್ನು ಬಳಸಿದರೆ, ಸುಮಾರು 16 ಅಂಕಿಗಳ ನಿಖರತೆಯಿರುವ ಯಂತ್ರದಲ್ಲಿ 17 ಅಂಕಿಗಳ ವರ್ಗಗಳು ಪೂರ್ತಿ ಹಿಡಿಸದೆ, ಕಳೆಯುವಾಗ ಉಳಿಯಬೇಕಾದ ಅಂಕಿಗಳೇ ಅಳಿಸಿಹೋಗುತ್ತವೆ. ಸರಾಸರಿಯನ್ನು ಮೊದಲು ಕಂಡುಹಿಡಿದು ವ್ಯತ್ಯಾಸಗಳ ವರ್ಗಗಳನ್ನು ಕೂಡಿದರೆ ಈ ದೋಷವಿಲ್ಲ. ಎಕ್ಸೆಲ್ 2003ರಲ್ಲಿ ಈ ಸೂತ್ರವನ್ನು ತಿದ್ದಲಾಯಿತು. ಅಲ್ಲಿಯವರೆಗೆ ದತ್ತಾಂಶವನ್ನು ಹಾಳೆಯಲ್ಲಿಟ್ಟು ಲೆಕ್ಕವನ್ನು ಬೇರೆಡೆ ಮಾಡಿಸುವುದು ಎಚ್ಚರವುಳ್ಳ ಸಂಶೋಧಕರು ಅನುಸರಿಸಬಹುದಾದ ಸುರಕ್ಷಿತ ಮಾರ್ಗವಾಗಿತ್ತು.

ನೇರ ಸಂವಾದದ ಘಟ್ಟ

ಕಡತದ ಮಧ್ಯಸ್ಥಿಕೆಯಿಲ್ಲದೆ ಎರಡು ತಂತ್ರಾಂಶಗಳು ಒಂದೇ ಯಂತ್ರದಲ್ಲಿ ನೇರವಾಗಿ ಮಾತನಾಡುವ ವ್ಯವಸ್ಥೆ ವಿಂಡೋಸ್‌ನಲ್ಲಿ 1987ರಲ್ಲಿ ಬಂದ ಡಿಡಿಇಯಿಂದ ಆರಂಭವಾಯಿತು. ಎಕ್ಸೆಲಿನ ಮ್ಯಾಕ್ರೊವು ಸಂಪರ್ಕ ತೆರೆದು, ಅಂಕಿಗಳನ್ನು ನೀಡಿ, ಆಜ್ಞೆಯೊಂದನ್ನು ನಡೆಸಲು ಕೋರಿ, ಫಲವನ್ನು ಕೇಳಿ ಪಡೆದು ಸಂಪರ್ಕ ಮುಚ್ಚಬಹುದಾಗಿತ್ತು. ಮ್ಯಾಟ್‌ಲ್ಯಾಬ್ ಕೂಡ ಈ ಸಂವಾದಕ್ಕೆ ಬೇಕಾದ ಆಜ್ಞೆಗಳನ್ನು ಒದಗಿಸಿತು. 1993ರಲ್ಲಿ ರೂಪುಗೊಂಡ ಕಾಮ್ ಎಂಬ ವ್ಯವಸ್ಥೆಯಲ್ಲಿ ಒಂದು ತಂತ್ರಾಂಶ ಮತ್ತೊಂದನ್ನು ಸೇವಕನಂತೆ ಎಬ್ಬಿಸಿ ಕೆಲಸ ಮಾಡಿಸಬಹುದಾಯಿತು. ವಿಬಿಎ ಮ್ಯಾಕ್ರೊವಿನ ಒಂದೇ ಸಾಲು ಮ್ಯಾಟ್‌ಲ್ಯಾಬನ್ನು ತೆರೆಯುತ್ತಿತ್ತು. ಮುಂದಿನ ಸಾಲುಗಳು ಮಾತೃಕೆಯನ್ನು ಇಟ್ಟು, ಆಜ್ಞೆ ನಡೆಸಿ, ಮಾತೃಕೆಯನ್ನು ಹಿಂಪಡೆಯುತ್ತಿದ್ದವು.

ಮ್ಯಾಥ್‌ವರ್ಕ್ಸ್ ಸಂಸ್ಥೆಯು ಎಕ್ಸೆಲ್ ಲಿಂಕ್ ಎಂಬ ಹೆಸರಿನಲ್ಲಿ ಹೊರತಂದು ಮುಂದೆ ಸ್ಪ್ರೆಡ್‌ಶೀಟ್ ಲಿಂಕ್ ಎಂದು ಕರೆದ ಸಾಧನ ಈ ಕ್ರಮವನ್ನು ಇನ್ನಷ್ಟು ಸರಳಗೊಳಿಸಿತು. ಎಂಎಲ್‌ಪುಟ್‌ಮ್ಯಾಟ್ರಿಕ್ಸ್ ಎಂಬ ಆಜ್ಞೆ ಹಾಳೆಯ ಒಂದು ಭಾಗವನ್ನು ಹೆಸರಿಸಿದ ಮಾತೃಕೆಯಾಗಿ ಕಳುಹಿಸುತ್ತದೆ. ಎಂಎಲ್‌ಇವಾಲ್‌ಸ್ಟ್ರಿಂಗ್ ಲೆಕ್ಕವನ್ನು ನಡೆಸುತ್ತದೆ. ಎಂಎಲ್‌ಗೆಟ್‌ಮ್ಯಾಟ್ರಿಕ್ಸ್ ಉತ್ತರವನ್ನು ತರುತ್ತದೆ. ಈ ಆಜ್ಞೆಗಳನ್ನು ಕೋಶಗಳಲ್ಲಿ ಸೂತ್ರಗಳಂತೆಯೂ ಬರೆಯಬಹುದು. ಆದರೆ ಮೇಲೆ ಹೇಳಿದಂತೆ ಹಾಳೆಗೆ ತನ್ನದೇ ಆದ ಅನುಕ್ರಮವಿಲ್ಲ. ಕಳುಹಿಸುವ ಮೊದಲೇ ಲೆಕ್ಕ ನಡೆದು, ಹಿಂದಿನ ದಿನದ ಮಾತೃಕೆಯ ಉತ್ತರವೇ ಹಾಳೆಗೆ ಮರಳುವ ಸಾಧ್ಯತೆ ಅಲ್ಲಿರುತ್ತದೆ. ಮ್ಯಾಕ್ರೊವಿನೊಳಗೆ ಬರೆದಾಗ ಅನುಕ್ರಮ ಖಚಿತವಾಗುತ್ತದೆ. ಆಗಲೂ ಉತ್ತರವನ್ನು ಕೋರಿದ ಸಾಲಿನ ನಂತರ ಅದು ಬಂದು ಸೇರುವಂತೆ ಮಾಡುವ ಮತ್ತೊಂದು ಆಜ್ಞೆಯನ್ನು ಸೇರಿಸಬೇಕೆಂದು ಸಾಧನದ ಕೈಪಿಡಿ ವಿಧಿಸಿತ್ತು. ಆ ಒಂದು ಸಾಲು ಬಿಟ್ಟುಹೋದರೆ ಮ್ಯಾಕ್ರೊವಿನ ಮುಂದಿನ ಸಾಲುಗಳಿಗೆ ಹೊಸ ಅಂಕಿ ದೊರೆಯುವುದಿಲ್ಲ.

ಇದೇ ಕಾಲದಲ್ಲಿ ಮುಕ್ತ ತಂತ್ರಾಂಶಗಳ ಧಾರೆಯೊಂದು ಬೆಳೆಯಿತು. ಜಾನ್ ಈಟನ್‌ನ ಆಕ್ಟೇವ್ ತಂತ್ರಾಂಶದ ಮೊದಲ ಪೂರ್ಣ ಆವೃತ್ತಿ 1994ರಲ್ಲಿ ಬಂದಿತು. ಫ್ರಾನ್ಸಿನ ಇನ್ರಿಯಾ ಸಂಸ್ಥೆಯಲ್ಲಿ ಬೆಳೆದ ಸೈಲ್ಯಾಬ್ ಕೂಡ ಅದೇ ವರ್ಷ ಮುಕ್ತವಾಗಿ ವಿತರಣೆಯಾಯಿತು. ಥಾಮಸ್ ಬೈಯರ್ ಮತ್ತು ಎರಿಕ್ ನಾಯ್ವಿರ್ತ್ ಕಾಮ್ ವ್ಯವಸ್ಥೆಯ ಮೂಲಕ ಎಕ್ಸೆಲನ್ನು ಆರ್ ಭಾಷೆಗೆ ಜೋಡಿಸಿದರು. ಆ ಕುರಿತ ಅವರ ಲೇಖನ 2007ರಲ್ಲಿ ಪ್ರಕಟವಾಯಿತು. ಭಾರತದಲ್ಲಿ ಮುಂಬಯಿಯ ಐಐಟಿಯ ಫೋಸಿ ಯೋಜನೆಯು ಸೈಲ್ಯಾಬನ್ನು ಇಂಜಿನಿಯರಿಂಗ್ ಶಿಕ್ಷಣದಲ್ಲಿ ಪ್ರಚುರಪಡಿಸಿದೆ.

ದಾಟುವಾಗ ಕಳೆದುಹೋದದ್ದು

ಸಾಗಾಟದ ಮಾರ್ಗ ಯಾವುದೇ ಆಗಿರಲಿ, ಕೋಶದಲ್ಲಿದ್ದುದೆಲ್ಲವೂ ಮಾತೃಕೆಯನ್ನು ತಲುಪುವುದಿಲ್ಲ. ಈ ನಷ್ಟದ ಮುಖ್ಯ ಬಗೆಗಳನ್ನು ಹೀಗೆ ವಿಂಗಡಿಸಬಹುದು.

ಮೊದಲನೆಯದು ದಿನಾಂಕ. ಎಕ್ಸೆಲ್ ದಿನಾಂಕವನ್ನು ಒಂದು ಕ್ರಮಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. 2000ದ ಜನವರಿ 1 ಅದಕ್ಕೆ 36526. ಮ್ಯಾಕಿಂಟಾಷ್‌ನ ಮೊದಲಿನ ಆವೃತ್ತಿಗಳು 1904ರಿಂದ ಎಣಿಸುತ್ತಿದ್ದುದರಿಂದ ಅದೇ ದಿನ ಅಲ್ಲಿ 35064 ಆಗುತ್ತಿತ್ತು. ಮ್ಯಾಟ್‌ಲ್ಯಾಬಿನ ಹಳೆಯ ದಿನಗಣನೆಯಲ್ಲಿ ಅದು 730486. ವಿಂಡೋಸ್ ಹಾಳೆಯಿಂದ ಮ್ಯಾಟ್‌ಲ್ಯಾಬಿಗೆ ಸಾಗುವ ಸಂಖ್ಯೆಗೆ 693960 ಕೂಡಿಸಬೇಕು. ಮ್ಯಾಕಿಂಟಾಷ್ ಹಾಳೆಯದಾದರೆ ಇನ್ನೂ 1462 ಸೇರಿಸಬೇಕು. ಇದನ್ನು ಮರೆತ ಮ್ಯಾಕ್ರೊ ಎಲ್ಲ ದಿನಾಂಕಗಳನ್ನೂ ನಾಲ್ಕು ವರ್ಷ ಒಂದು ದಿನ ಹಿಂದಕ್ಕೆ ತಳ್ಳುತ್ತದೆ. ಲೋಟಸ್ 1-2-3 ತಂತ್ರಾಂಶವು 1900ನ್ನು ಅಧಿಕ ವರ್ಷವೆಂದು ತಪ್ಪಾಗಿ ಎಣಿಸಿತ್ತು. ಅದರ ಹಾಳೆಗಳೊಡನೆ ಹೊಂದಿಕೆ ಇರಲೆಂದು ಎಕ್ಸೆಲ್ ಆ ತಪ್ಪನ್ನು ಉದ್ದೇಶಪೂರ್ವಕವಾಗಿ ಉಳಿಸಿಕೊಂಡಿತು. ಆದುದರಿಂದ 1900ರ ಮೊದಲ ಎರಡು ತಿಂಗಳ ದಿನಾಂಕಗಳಿಗೆ ಮೇಲಿನ ಸಂಖ್ಯೆಯೂ ಅನ್ವಯಿಸುವುದಿಲ್ಲ.

ಎರಡನೆಯದು ಖಾಲಿತನ. ಅಳತೆ ತೆಗೆದುಕೊಳ್ಳದ ದಿನದ ಕೋಶ ಖಾಲಿ ಇರುತ್ತದೆ. ಎಕ್ಸೆಲಿನ ಸರಾಸರಿ ಸೂತ್ರ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದೇ ಕೋಶವನ್ನು ವಿಬಿಎ ಮ್ಯಾಕ್ರೊ ದಶಮಾಂಶ ಸಂಖ್ಯೆಯಾಗಿ ಪರಿವರ್ತಿಸಿದರೆ ಸೊನ್ನೆಯಾಗುತ್ತದೆ. ಮ್ಯಾಟ್‌ಲ್ಯಾಬಿನ ಕಡತ ಓದುವ ಆಜ್ಞೆಯಾದ ಎಕ್ಸ್‌ಎಲ್‌ಎಸ್‌ರೀಡ್ ಅದನ್ನು ‘ಸಂಖ್ಯೆಯಲ್ಲ’ ಎಂಬ ವಿಶೇಷ ಚಿಹ್ನೆಯಾಗಿ ತಂದುಕೊಳ್ಳುತ್ತದೆ. ಸಾಮಾನ್ಯ ಸರಾಸರಿಯಲ್ಲಿ ಅದು ಸೇರಿದರೆ ಉತ್ತರವೂ ‘ಸಂಖ್ಯೆಯಲ್ಲ’ ಎಂದೇ ಬರುತ್ತದೆ. ಈ ಮೂರರಲ್ಲಿ ಅತ್ಯಂತ ಅಪಾಯಕಾರಿಯಾದದ್ದು ಸೊನ್ನೆ, ಏಕೆಂದರೆ ಅದು ಅಳತೆಯಂತೆಯೇ ಕಾಣುತ್ತದೆ. ಮಳೆಯ ದಾಖಲೆಯಲ್ಲಿ ‘ಅಳೆಯಲಿಲ್ಲ’ ಎಂಬುದು ‘ಮಳೆಯಾಗಲಿಲ್ಲ’ ಎಂದಾದರೆ ಅದನ್ನು ಮುಂದೆ ಯಾರೂ ಗುರುತಿಸಲಾರರು.

ಮೂರನೆಯದು ತೋರಿಕೆ ಮತ್ತು ಬೆಲೆಗಳ ನಡುವಣ ಅಂತರ. ಎರಡು ದಶಮಾಂಶ ಸ್ಥಾನಗಳಿಗೆ ಸೀಮಿತವಾಗಿ ತೋರಿಸಿದ ಅಂಕಿಗಳನ್ನು ಸಿಎಸ್‌ವಿ ಕಡತವಾಗಿ ಉಳಿಸಿದರೆ ತೋರಿಕೆಯ ಅಂಕಿಗಳೇ ಸಾಗುತ್ತವೆ, ಉಳಿದವು ನಷ್ಟವಾಗುತ್ತವೆ. ವಿಬಿಎಯಲ್ಲಿ ಕೋಶವನ್ನು ‘ವ್ಯಾಲ್ಯೂ’ ಎಂಬ ಪದದಿಂದ ಓದಿದರೆ ಹಣದ ರೂಪದಲ್ಲಿರುವ ಅಂಕಿ ನಾಲ್ಕು ದಶಮಾಂಶಗಳಿಗೆ ಕತ್ತರಿಸಿಹೋಗುತ್ತದೆ. ‘ವ್ಯಾಲ್ಯೂ2’ ಎಂಬ ಪದದಿಂದ ಓದಿದರೆ ಪೂರ್ಣ ಅಂಕಿ ದೊರೆಯುತ್ತದೆ. ಮಿಶ್ರಸಂಖ್ಯೆಗಳ ಸ್ಥಿತಿ ಇನ್ನೂ ವಿಚಿತ್ರ. ಮ್ಯಾಟ್‌ಲ್ಯಾಬಿಗೆ ಅವು ಸಹಜ ಸಂಖ್ಯೆಗಳು. ಎಕ್ಸೆಲ್ ಅವನ್ನು ಅಕ್ಷರಮಾಲೆಯಾಗಿ ಇಟ್ಟುಕೊಳ್ಳುತ್ತದೆ. ಹೀಗಾಗಿ ಕಾಮ್ ಮೂಲಕ ಸಾಗುವಾಗ ವಾಸ್ತವ ಭಾಗ, ಕಾಲ್ಪನಿಕ ಭಾಗ ಎಂದು ಎರಡು ಮಾತೃಕೆಗಳಾಗಿ ಅವನ್ನು ಒಡೆಯಬೇಕಾಯಿತು.

ನಾಲ್ಕನೆಯದು ಅಕ್ಷರ. ಕನ್ನಡದಲ್ಲಿ ದತ್ತಾಂಶ ಸಂಗ್ರಹಿಸಿದವರಿಗೆ ಈ ನಷ್ಟ ವಿಶೇಷವಾಗಿ ತಟ್ಟಿದೆ. ಯೂನಿಕೋಡ್ ಪೂರ್ವದ ನುಡಿ, ಬರಹ ಮೊದಲಾದ ಅಕ್ಷರಶೈಲಿಗಳಲ್ಲಿ ತುಂಬಿದ ಊರು, ಹೋಬಳಿ, ಬೆಳೆಗಳ ಹೆಸರುಗಳು ಆ ಶೈಲಿಯಿರುವ ಹಾಳೆಯಲ್ಲಿ ಮಾತ್ರ ಕನ್ನಡವಾಗಿ ಕಾಣುತ್ತಿದ್ದವು. ಮ್ಯಾಕ್ರೊ ಒಯ್ಯುವುದು ಸಂಕೇತಗಳನ್ನು, ಅಕ್ಷರಶೈಲಿಯನ್ನಲ್ಲ. ಆದುದರಿಂದ ಆಚೆ ತಲುಪಿದ್ದು ಅರ್ಥವಿಲ್ಲದ ರೋಮನ್ ಅಕ್ಷರಗಳು ಮತ್ತು ಚಿಹ್ನೆಗಳು. ಯೂನಿಕೋಡ್ ಬಂದ ಮೇಲೆ ಹಾಳೆಯ ಕೋಶಗಳಲ್ಲಿ ಈ ತೊಡಕು ನೀಗಿತು. ಆದರೆ ವಿಬಿಎಯ ಬರವಣಿಗೆಯ ಕಿಟಕಿ ಯೂನಿಕೋಡನ್ನು ಬೆಂಬಲಿಸುವುದಿಲ್ಲ. ಮ್ಯಾಕ್ರೊವಿನೊಳಗೆ ನೇರವಾಗಿ ಬರೆದ ಕನ್ನಡ ಪದ ಪ್ರಶ್ನಾರ್ಥಕ ಚಿಹ್ನೆಗಳಾಗಿಬಿಡುತ್ತದೆ. ‘ಕ’ ಅಕ್ಷರವನ್ನು ಅಲ್ಲಿ 3221 ಎಂಬ ಸಂಕೇತಸಂಖ್ಯೆಯ ಮೂಲಕವೇ ಕರೆಯಬೇಕು.

ಪ್ರಮಾದಗಳು ನೀಡುವ ಸಾಕ್ಷ್ಯ

ಈ ನಷ್ಟಗಳು ಕೇವಲ ತಾಂತ್ರಿಕ ವಿವರಗಳಲ್ಲ ಎಂಬುದನ್ನು ಸಾರ್ವಜನಿಕ ದಾಖಲೆಗಳಲ್ಲಿರುವ ಕೆಲವು ಪ್ರಸಂಗಗಳು ಸ್ಪಷ್ಟಪಡಿಸುತ್ತವೆ. ಇವುಗಳಲ್ಲಿ ಎಲ್ಲವೂ ಮ್ಯಾಕ್ರೊಗಳಿಗೆ ಸಂಬಂಧಿಸಿದವಲ್ಲ. ಆದರೆ ಎಲ್ಲವೂ ಹಾಳೆಯಿಂದ ಹೊರಗೆ ಅಥವಾ ಹಾಳೆಯೊಳಕ್ಕೆ ಅಂಕಿ ಸಾಗುವ ಎಡೆಯಲ್ಲಿ ಸಂಭವಿಸಿದವು.

ಜೀವವಿಜ್ಞಾನದಲ್ಲಿ ‘ಸೆಪ್ಟ್2’, ‘ಮಾರ್ಚ್1’ ಎಂಬ ಜೀನ್ ಹೆಸರುಗಳನ್ನು ಎಕ್ಸೆಲ್ ತಾನಾಗಿಯೇ ದಿನಾಂಕಗಳನ್ನಾಗಿ ಮಾರ್ಪಡಿಸುತ್ತದೆ ಎಂಬುದನ್ನು 2004ರ ಒಂದು ಸಂಶೋಧನ ಲೇಖನ ಬೆಳಕಿಗೆ ತಂದಿತು. 2016ರಲ್ಲಿ ನಡೆದ ಇನ್ನೊಂದು ಅಧ್ಯಯನ, ಎಕ್ಸೆಲ್ ರೂಪದ ಜೀನ್ ಪಟ್ಟಿಗಳನ್ನು ಲಗತ್ತಿಸಿದ ಲೇಖನಗಳಲ್ಲಿ ಸುಮಾರು ಐದನೆಯ ಒಂದು ಭಾಗದಲ್ಲಿ ಈ ದೋಷ ಇರುವುದನ್ನು ತೋರಿಸಿತು. ಕೊನೆಗೆ ಬದಲಾದದ್ದು ವಿಜ್ಞಾನದ ಪರಿಭಾಷೆ. ಮಾನವ ಜೀನ್‌ಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿಯು 2020ರಲ್ಲಿ ಈ ಬಗೆಯ ಹೆಸರುಗಳನ್ನು ‘ಸೆಪ್ಟಿನ್2’, ‘ಮಾರ್ಚ್‌ಎಫ್1’ ಎಂದು ಮಾರ್ಪಡಿಸಿದ ಸಂಗತಿ ಪ್ರಕಟವಾಯಿತು. ಸ್ವಯಂಚಾಲಿತ ಮಾರ್ಪಾಡನ್ನು ತಡೆಯುವ ಆಯ್ಕೆ ಎಕ್ಸೆಲಿನಲ್ಲಿ ಬಂದದ್ದು 2023ರಲ್ಲಿ.

ಜೆ.ಪಿ. ಮಾರ್ಗನ್ ಚೇಸ್ ಬ್ಯಾಂಕು 2012ರಲ್ಲಿ ಲಂಡನ್ ಕಚೇರಿಯ ವಹಿವಾಟಿನಲ್ಲಿ ಸುಮಾರು 620 ಕೋಟಿ ಡಾಲರ್ ನಷ್ಟ ಅನುಭವಿಸಿತು. 2013ರ ಜನವರಿಯಲ್ಲಿ ಬ್ಯಾಂಕೇ ಪ್ರಕಟಿಸಿದ ತನಿಖಾ ವರದಿಯ ಪ್ರಕಾರ, ಅಪಾಯವನ್ನು ಅಳೆಯುವ ಹೊಸ ಮಾದರಿಯು ಹಲವು ಎಕ್ಸೆಲ್ ಹಾಳೆಗಳ ಮೇಲೆ ನಡೆಯುತ್ತಿತ್ತು. ಒಂದರಿಂದ ಮತ್ತೊಂದಕ್ಕೆ ಅಂಕಿಗಳನ್ನು ಕೈಯಿಂದಲೇ ನಕಲು ಮಾಡಿ ಅಂಟಿಸಲಾಗುತ್ತಿತ್ತು. ಎರಡು ದರಗಳ ಸರಾಸರಿಯಿಂದ ಭಾಗಿಸಬೇಕಾದಲ್ಲಿ ಅವುಗಳ ಮೊತ್ತದಿಂದ ಭಾಗಿಸಿದ ಸೂತ್ರವೂ ಅಲ್ಲಿತ್ತು. ಇದರಿಂದ ಅಪಾಯ ಇದ್ದುದಕ್ಕಿಂತ ಕಡಿಮೆಯಾಗಿ ಕಾಣಿಸಿತು. ನಷ್ಟಕ್ಕೆ ಹಾಳೆಯೊಂದೇ ಕಾರಣವಲ್ಲ. ಆದರೆ ಸಾಗಾಟದ ಕ್ರಮ ಬರವಣಿಗೆಯಲ್ಲಿ ದಾಖಲಾಗದೆ ಕೈಚಳಕದಲ್ಲಿ ಉಳಿದಾಗ ಅದನ್ನು ಮರುಪರಿಶೀಲಿಸುವುದು ಎಷ್ಟು ಕಷ್ಟ ಎಂಬುದನ್ನು ಈ ಪ್ರಸಂಗ ತೋರುತ್ತದೆ.

ಇಂಗ್ಲೆಂಡಿನಲ್ಲಿ 2020ರ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗೆ 15,841 ಕೋವಿಡ್ ಪ್ರಕರಣಗಳು ರಾಷ್ಟ್ರೀಯ ಲೆಕ್ಕದಿಂದ ಬಿಟ್ಟುಹೋದವು. ಪ್ರಯೋಗಾಲಯಗಳಿಂದ ಬಂದ ಪಠ್ಯ ಕಡತಗಳನ್ನು 65,536 ಅಡ್ಡಸಾಲುಗಳ ಮಿತಿಯುಳ್ಳ ಹಳೆಯ ಎಕ್ಸೆಲ್ ಮಾದರಿಯ ಹಾಳೆಗಳಿಗೆ ತುಂಬಿಸಿದ್ದೇ ಇದಕ್ಕೆ ಕಾರಣವೆಂದು ವರದಿಯಾಯಿತು. 2007ರಿಂದಲೇ ಎಕ್ಸೆಲಿನ ಹೊಸ ಮಾದರಿ 10,48,576 ಅಡ್ಡಸಾಲುಗಳಿಗೆ ಎಡೆ ಮಾಡಿಕೊಟ್ಟಿತ್ತು. ಪರೀಕ್ಷೆಗೆ ಒಳಗಾದವರಿಗೆ ತಮ್ಮ ಫಲಿತಾಂಶ ತಿಳಿದಿತ್ತು. ಆದರೆ ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕಿ ಎಚ್ಚರಿಸುವ ಕೆಲಸ ತಡವಾಯಿತು.

ಇದಕ್ಕೆ ಪ್ರತಿಯಾಗಿ, ಸಾಗಾಟದ ದಾಖಲೆ ಉಳಿದಿದ್ದರೆ ಆಗುವ ಪ್ರಯೋಜನಕ್ಕೂ ನಿದರ್ಶನವಿದೆ. ಸಾಲ ಮತ್ತು ಆರ್ಥಿಕ ಬೆಳವಣಿಗೆಯ ಸಂಬಂಧವನ್ನು ಕುರಿತು ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ 2010ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನದ ಎಕ್ಸೆಲ್ ಕಡತವನ್ನು ಲೇಖಕರಿಂದಲೇ ಪಡೆದು, ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಥಾಮಸ್ ಹರ್ನ್‌ಡನ್, ಮೈಕೆಲ್ ಆಷ್, ರಾಬರ್ಟ್ ಪೋಲಿನ್ 2013ರಲ್ಲಿ ಮರುಲೆಕ್ಕ ಹಾಕಿದರು. ಸರಾಸರಿಯ ಸೂತ್ರದಲ್ಲಿ ಐದು ದೇಶಗಳ ಸಾಲುಗಳು ಬಿಟ್ಟುಹೋಗಿದ್ದುದು ಆಗ ಬೆಳಕಿಗೆ ಬಂದಿತು. ದತ್ತಾಂಶದ ಆಯ್ಕೆ ಮತ್ತು ತೂಕದ ಕ್ರಮವನ್ನು ಕುರಿತ ಭಿನ್ನಾಭಿಪ್ರಾಯಗಳನ್ನೂ ಸೇರಿಸಿ ನೋಡಿದಾಗ, ಅತಿ ಹೆಚ್ಚು ಸಾಲವಿರುವ ದೇಶಗಳ ಸರಾಸರಿ ಬೆಳವಣಿಗೆ ಶೇಕಡಾ -0.1ರ ಬದಲು ಶೇಕಡಾ 2.2 ಎಂದು ಅವರು ತೋರಿಸಿದರು. ಕಡತ ಕೈಗೆ ಸಿಗದಿದ್ದರೆ ಈ ಚರ್ಚೆಯೇ ನಡೆಯುತ್ತಿರಲಿಲ್ಲ.

ಮ್ಯಾಕ್ರೊವಿನ ಸಂಧ್ಯಾಕಾಲ

ಕೆಲಸವನ್ನು ಸುಲಭಗೊಳಿಸಿದ ಗುಣವೇ ಮ್ಯಾಕ್ರೊವನ್ನು ಅಪಾಯದ ವಾಹಕವನ್ನಾಗಿಯೂ ಮಾಡಿತು. ಎಕ್ಸೆಲ್ ಮ್ಯಾಕ್ರೊಗಳ ಮೂಲಕ ಹರಡುವ ವೈರಸ್ 1996ರಲ್ಲಿಯೇ ಕಾಣಿಸಿಕೊಂಡಿತ್ತು. ಎಕ್ಸೆಲ್ 2007ರಲ್ಲಿ ಮ್ಯಾಕ್ರೊಗಳಿರುವ ಕಡತಗಳಿಗೆ ಪ್ರತ್ಯೇಕ ಹೆಸರಿನ ಬಾಲ ಸೇರಿತು. 2022ರಲ್ಲಿ ಮೈಕ್ರೋಸಾಫ್ಟ್ ಹಳೆಯ ಮ್ಯಾಕ್ರೊ ಹಾಳೆಗಳನ್ನೂ, ಅಂತರಜಾಲದಿಂದ ಬಂದ ಕಡತಗಳ ವಿಬಿಎ ಮ್ಯಾಕ್ರೊಗಳನ್ನೂ ಮೊದಲಿನಿಂದಲೇ ತಡೆಹಿಡಿಯುವ ಕ್ರಮ ಕೈಗೊಂಡಿತು. ಮ್ಯಾಟ್‌ಲ್ಯಾಬ್ ಕಡೆಯಲ್ಲಿ ಡಿಡಿಇಯ ಆಜ್ಞೆಗಳನ್ನು ಕೈಬಿಡಲಾಯಿತು. 2019ರಿಂದ ಎಕ್ಸ್‌ಎಲ್‌ಎಸ್‌ರೀಡ್‌ನ ಬದಲಿಗೆ, ಕಂಬಸಾಲುಗಳ ಹೆಸರು ಮತ್ತು ಬಗೆಯನ್ನು ಗುರುತಿಸಬಲ್ಲ ಹೊಸ ಆಜ್ಞೆಗಳನ್ನು ಶಿಫಾರಸು ಮಾಡಲಾಗುತ್ತಿದೆ. 2023ರಲ್ಲಿ ಪೈಥಾನ್ ಭಾಷೆಯನ್ನು ಎಕ್ಸೆಲಿನ ಕೋಶದೊಳಗೇ ಬರೆಯುವ ಸೌಲಭ್ಯ ಪ್ರಕಟವಾಯಿತು. ಅಲ್ಲಿ ಲೆಕ್ಕ ನಡೆಯುವುದು ಬಳಕೆದಾರನ ಯಂತ್ರದಲ್ಲಲ್ಲ, ಮೈಕ್ರೋಸಾಫ್ಟಿನ ದೂರದ ಗಣಕಗಳಲ್ಲಿ.

ಈ ಬೆಳವಣಿಗೆಗಳಿಂದ ವಿನಿಮಯ ಹೆಚ್ಚು ಸುರಕ್ಷಿತವೂ ಅರ್ಥಪೂರ್ಣವೂ ಆಗಿದೆ ಎಂಬುದು ನಿಜ. ಆದರೆ ಹಳೆಯ ಸಂಶೋಧನೆಗಳ ದೃಷ್ಟಿಯಿಂದ ಇದರ ಮತ್ತೊಂದು ಮುಖವನ್ನೂ ಗಮನಿಸಬೇಕು. 1990ರ ದಶಕದ ಪ್ರೌಢಪ್ರಬಂಧವೊಂದರ ಫಲಿತಾಂಶ ಡಿಡಿಇ ಮ್ಯಾಕ್ರೊವಿನ ಮೂಲಕ ಹೊರಬಂದಿದ್ದರೆ, ಆ ಮ್ಯಾಕ್ರೊ ಇಂದಿನ ಯಂತ್ರದಲ್ಲಿ ಹಾಗೆಯೇ ನಡೆಯಲಾರದು. ಆದರೂ ಅದನ್ನು ಓದಬಹುದು. ಖಾಲಿ ಕೋಶ ಸೊನ್ನೆಯಾಯಿತೇ, ದಿನಾಂಕಕ್ಕೆ ಎಷ್ಟು ಕೂಡಿಸಲಾಯಿತು, ಹಾಳೆಯ ಯಾವ ಸಾಲಿನಿಂದ ಯಾವ ಸಾಲಿನವರೆಗೆ ಕಳುಹಿಸಲಾಯಿತು ಎಂಬ ಪ್ರಶ್ನೆಗಳಿಗೆ ಅನೇಕ ವೇಳೆ ಉತ್ತರವಿರುವ ಏಕೈಕ ಸ್ಥಳ ಅದೇ. ಪ್ರಕಟವಾದ ಲೇಖನದಲ್ಲಾಗಲಿ, ಮುದ್ರಿತ ಕೋಷ್ಟಕದಲ್ಲಾಗಲಿ ಈ ವಿವರಗಳು ಸಾಮಾನ್ಯವಾಗಿ ಇರುವುದಿಲ್ಲ.

ಉಪಸಂಹಾರ

ಕಡತ, ಡಿಡಿಇ, ಕಾಮ್, ನೇರ ಜೋಡಣೆ ಎಂಬ ಘಟ್ಟಗಳಲ್ಲಿ ಸಾಗಿಬಂದ ಈ ಚರಿತ್ರೆಯನ್ನು ವೇಗ ಮತ್ತು ಸೌಕರ್ಯದ ಪ್ರಗತಿಯೆಂದು ಮಾತ್ರ ಓದುವುದು ಅಪೂರ್ಣ. ಕೋಷ್ಟಕ ಮತ್ತು ಮಾತೃಕೆಗಳ ನಡುವಣ ಭೇದವನ್ನು ಯಾವ ತಂತ್ರಜ್ಞಾನವೂ ಪೂರ್ತಿಯಾಗಿ ಅಳಿಸಲಿಲ್ಲ. ಆ ಭೇದವನ್ನು ಹೇಗೆ ನಿಭಾಯಿಸಬೇಕೆಂಬ ನಿರ್ಣಯವನ್ನು ಮ್ಯಾಕ್ರೊ ಬರೆದವರು ಪ್ರತಿ ಸಲವೂ ತಾವೇ ಕೈಗೊಂಡರು. ಅವರಲ್ಲಿ ಬಹುತೇಕರ ಹೆಸರು ಎಲ್ಲಿಯೂ ದಾಖಲಾಗಿಲ್ಲ, ಆದರೆ ಅವರ ನಿರ್ಣಯಗಳು ಪ್ರಕಟಿತ ಅಂಕಿಅಂಶಗಳ ಒಳಗೆ ಉಳಿದಿವೆ.

ಹಸ್ತಪ್ರತಿಯ ಪಾಠವನ್ನು ನಿರ್ಣಯಿಸುವ ವಿದ್ವಾಂಸನಿಗೆ ಲಿಪಿಕಾರನ ರೂಢಿಗಳ ಅರಿವು ಎಷ್ಟು ಅಗತ್ಯವೋ, ಈ ಕಾಲದ ದತ್ತಾಂಶವನ್ನು ಮುಂದೆ ಪರಿಶೀಲಿಸುವವರಿಗೆ ಮ್ಯಾಕ್ರೊಗಳ ಪಾಠ ಅಷ್ಟೇ ಅಗತ್ಯ. ವಿಶ್ವವಿದ್ಯಾಲಯಗಳೂ ಗ್ರಂಥಾಲಯಗಳೂ ಸಂಶೋಧನ ಪ್ರಬಂಧಗಳೊಡನೆ ದತ್ತಾಂಶದ ಕಡತಗಳನ್ನು ಸ್ವೀಕರಿಸುವಾಗ, ಅವುಗಳ ಜೊತೆಗಿದ್ದ ಮ್ಯಾಕ್ರೊಗಳನ್ನು ಸರಳ ಪಠ್ಯವಾಗಿ ಪ್ರತ್ಯೇಕಿಸಿ, ತಂತ್ರಾಂಶದ ಹೆಸರು, ಆವೃತ್ತಿ, ದಿನಾಂಕದ ಪದ್ಧತಿ, ಅಕ್ಷರ ಸಂಕೇತದ ಬಗೆ ಇವುಗಳ ವಿವರದೊಡನೆ ಸಂರಕ್ಷಿಸುವುದು ಅವಶ್ಯ. ಸುರಕ್ಷತೆಯ ಕಾರಣದಿಂದ ಮ್ಯಾಕ್ರೊಗಳನ್ನು ತೆಗೆದುಹಾಕಿ ಕಡತವನ್ನು ಮಾತ್ರ ಉಳಿಸಿದರೆ, ಅಂಕಿಗಳು ಉಳಿದರೂ ಅವು ಎಲ್ಲಿಂದ, ಹೇಗೆ ಬಂದವೆಂಬುದರ ಸಾಕ್ಷ್ಯ ನಾಶವಾಗುತ್ತದೆ.